ಸಹಾಯ ಬೇಕು: ಜಾಂಬಿ ಬಂದರೆ ಮಚ್ಚೋ, ಹಾರೆಯೋ?

ನಗಬೇಡಿ, ಸೀರಿಯಸ್ಸಾಗಿ ಕೇಳ್ತಿದ್ದೇನೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಗೆ ಜಾಂಬಿಗಳು ನುಗ್ಗುವ ಒಂದು ಕಥೆ ಬರೆಯುತ್ತಿದ್ದೇನೆ. ಮನೆಯವರ ಕೈಗೆ ಏನು ಕೊಡಲಿ ಅನ್ನೋದೇ ತಲೆನೋವು.

ಮೊದಲು ಮಚ್ಚು ಅಂದುಕೊಂಡಿದ್ದೆ. ನಿನ್ನೆ ಹಿತ್ತಲಲ್ಲಿ ಹಲಸಿನ ಕೊರಡಿಗೆ ಬೀಸಿ ನೋಡಿದೆ. ಮೊದಲ ಏಟಿಗೇ ಕಚ್ಚಿಕೊಂಡಿತು, ಕಾಲು ಕೊಟ್ಟು ಎಳೆದರೂ ಬರಲಿಲ್ಲ. ಅಷ್ಟರಲ್ಲಿ ಎರಡನೇ ಜಾಂಬಿ ನನ್ನ ಹೆಗಲ ಮೇಲಿರುತ್ತಿತ್ತು, ಅಲ್ವಾ? ಹಾರೆ ಸಿಕ್ಕಿಕೊಳ್ಳಲ್ಲ, ಮುರಿಯಲ್ಲ. ಆದರೆ ಹತ್ತು ಸಲ ಎತ್ತುವಷ್ಟರಲ್ಲಿ ತೋಳು ಸೋತುಹೋಯಿತು. ಅಡಿಕೆ ಕೊನೆ ತೆಗೆಯುವ ಉದ್ದನೆಯ ದೋಟಿ ದೂರದಿಂದ ಚುಚ್ಚೋಕೆ ಚೆನ್ನಾಗಿದೆ, ಜಗಲಿಯೊಳಗೆ ಮಾತ್ರ ತಿರುಗಿಸೋಕೇ ಆಗಲ್ಲ. ಕಳೆ ಕೊಚ್ಚುವ ಮೆಷಿನ್ ಬೇಡವೇ ಬೇಡ. ಅದರ ಸದ್ದಿಗೆ ಪಕ್ಕದೂರಿನ ಜಾಂಬಿಯೂ ಬರುತ್ತೆ!

ಕೊಡಗಿನವರು ಇದ್ದರೆ ಒಂದು ಪ್ರಶ್ನೆ. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ, ಹಾಗಾಗಿ ಒಬ್ಬ ನೆಂಟನನ್ನು ಮಡಿಕೇರಿಯಿಂದ ಕರೆಸಿದ್ದೇನೆ. ಅವನ ಹತ್ತಿರ ಇರೋದು ಹಳೇ ಕೇಪಿನ ಕೋವಿ, ನಳಿಗೆಯ ಬಾಯಿಂದ ಮದ್ದು ತುಂಬೋದು. ಒಂದು ಗುಂಡು ಹಾರಿಸಿದ ಮೇಲೆ ಮದ್ದು ತುಂಬಿ, ಗಜದ ಕೋಲಿನಿಂದ ಜಡಿದು, ಕೇಪು ಕೂರಿಸೋಕೆ ನಿಜಕ್ಕೂ ಎಷ್ಟು ಹೊತ್ತು ಬೇಕು? ಮಳೆಯಲ್ಲಿ ಮದ್ದು ಒದ್ದೆಯಾಗದಂತೆ ಏನು ಮಾಡ್ತೀರಿ? ಕಥೆ ನಡೆಯೋದು ಆಷಾಢದಲ್ಲಿ.

ಅಂದಹಾಗೆ, 2011ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ತಮಾಷೆಗೆ ಜಾಂಬಿ ಮುನ್ನೆಚ್ಚರಿಕೆ ಪ್ರಕಟಿಸಿತ್ತು. ಅದರಲ್ಲಿ ನೀರು, ಊಟ, ಔಷಧಿಗೇ ಒತ್ತು. ನಮ್ಮ ಅಟ್ಟದಲ್ಲಿ ಹಪ್ಪಳ, ಉಪ್ಪಿನಕಾಯಿ ಬೇಕಾದಷ್ಟಿದೆ. ಆಯುಧ ಮಾತ್ರ ನೀವೇ ಹೇಳಿ.