ಕ್ಯಾಮರೂನ್ ಕಾಡಿನ ಬಾಕಾ ಜನರಲ್ಲಿ ಭಾನುವಾರದ ಆರಾಧನೆ ಹೇಗೆ ನಡೆಯುತ್ತದೆ?

ಪ್ರಶ್ನೆ: ಬಲ್ಮಠದ ಓದುಗ

ನಮ್ಮ ಸಂಡೇ ಸ್ಕೂಲಿನಲ್ಲಿ ಮಿಷನ್ ಚರಿತ್ರೆಯ ಪಾಠ ಮಾಡುತ್ತ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1886ರಲ್ಲಿ ಕ್ಯಾಮರೂನಿಗೂ ಹೋಯಿತೆಂದು ಹೇಳಿದೆ. ಆಗ ಒಬ್ಬ ಹುಡುಗಿ, ಅಲ್ಲಿ ಕಾಡಿನೊಳಗೆ ಇರುವವರು ಯೇಸುಸ್ವಾಮಿಯ ಹೆಸರನ್ನು ಕೇಳಿದ್ದಾರೆಯೇ, ಅವರು ದೇವರನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿದಳು. ಆಗ್ನೇಯ ಕ್ಯಾಮರೂನಿನ ಬಾಕಾ ಜನರ ಬಗ್ಗೆ ಅಷ್ಟಿಷ್ಟು ಓದಿದ್ದೆನಾದರೂ ಉತ್ತರಿಸಲು ಆಗಲಿಲ್ಲ. ಬೇಟೆ, ಜೇನು, ಕಾಡುಗೆಣಸು ಅರಸುತ್ತ ವಾರಗಟ್ಟಲೆ ಊರು ಬಿಟ್ಟಿರುವ ಜನರಿಗೆ ಭಾನುವಾರ ತಪ್ಪದೆ ಆರಾಧನೆಗೆ ಬರುವುದು ಹೇಗೆ ಸಾಧ್ಯ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ದುವಾಲಾದಲ್ಲಿದ್ದವರು

ಮೊದಲು ಒಂದು ಮಾತು ಸ್ಪಷ್ಟಪಡಿಸಬೇಕು. ಬಾಸೆಲ್ ಮಿಷನ್ ಕೆಲಸ ಮಾಡಿದ್ದು ಕರಾವಳಿಯಲ್ಲಿ ಮತ್ತು ಪಶ್ಚಿಮದ ಹುಲ್ಲುಗಾವಲಿನ ಬೆಟ್ಟಸೀಮೆಯಲ್ಲಿ; ಬಾಕಾ ಜನರಿರುವ ಕಾಡು ಅಲ್ಲಿಂದ ಬಹಳ ದೂರ. ಸುಮಾರು 1950ರ ದಶಕದಿಂದೀಚೆಗೆ ಸರ್ಕಾರ ಬಾಕಾ ಜನರನ್ನು ರಸ್ತೆಬದಿಯಲ್ಲಿ ನೆಲೆಯೂರುವಂತೆ ಒತ್ತಾಯಿಸಿತು. ಅವರ ನಡುವೆ ಕೆಥೊಲಿಕ್ ಗುರುಗಳ ಮತ್ತು ಧರ್ಮಭಗಿನಿಯರ ಶಾಲೆ, ಔಷಧಾಲಯಗಳು ಬೆಳೆದದ್ದೂ ಹೆಚ್ಚಾಗಿ ಈ ರಸ್ತೆಬದಿಯಲ್ಲೇ. ಹಾಗಾಗಿ ಇಂದಿಗೂ ದೇವಾಲಯ ಇರುವುದು ರಸ್ತೆಯ ಪಕ್ಕದಲ್ಲಿ, ಅನ್ನ ಇರುವುದು ಕಾಡಿನಲ್ಲಿ.

ಕೆಲಸದ ಮೇಲೆ ಆಗ್ನೇಯ ಕ್ಯಾಮರೂನಿನ ಯೊಕಡುಮಾ ಪಟ್ಟಣದ ಕಡೆ ಹೋಗಿದ್ದಾಗ ಅಂಥ ಒಂದು ಊರಿನಲ್ಲಿ ಭಾನುವಾರ ಕಳೆದಿದ್ದೇನೆ. ಮಣ್ಣಿನ ಗೋಡೆಯ ದೇವಾಲಯದ ಹಿಂದೆಯೇ ಒಬ್ಬ ಅಜ್ಜಿ ಮೊಂಗುಲು ಕಟ್ಟುತ್ತಿದ್ದರು. ಮೊಂಗುಲು ಎಂದರೆ ಬಾಕಾ ಹೆಂಗಸರೇ ಕಟ್ಟುವ, ಬುಟ್ಟಿ ಬೋರಲು ಹಾಕಿದಂತಿರುವ ಗುಡಿಸಲು. ಎಳೆಯ ಗಳುಗಳನ್ನು ನೆಲಕ್ಕೆ ನಾಟಿ, ಬಗ್ಗಿಸಿ, ಹೆಣೆದು ಆಗಿತ್ತು. ಅಗಲವಾದ ಎಲೆಗಳ ತೊಟ್ಟನ್ನು ಸೀಳಿ, ಆ ಸೀಳನ್ನೇ ಕೊಂಡಿಯಾಗಿ ಗಳುಗಳಿಗೆ ಸಿಕ್ಕಿಸುತ್ತ, ನಾವು ಹಂಚು ಹೊದಿಸುವಂತೆ ಕೆಳಸಾಲಿನಿಂದ ಮೇಲಕ್ಕೆ ಹೊದಿಸುತ್ತಿದ್ದರು. ಒಳಗೆ ಪ್ರಾರ್ಥನೆ ಫ್ರೆಂಚಿನಲ್ಲಿ ನಡೆಯುತ್ತಿತ್ತು, ಒಬ್ಬ ಬಾಕಾ ಯುವಕ ಅನುವಾದಿಸುತ್ತಿದ್ದ. ಪ್ರಸಂಗದ ಉದ್ದಕ್ಕೂ ಮಕ್ಕಳು ಓಡಾಡುತ್ತಲೇ ಇದ್ದರು, ಆದರೆ ಹಾಡು ಶುರುವಾದ ಕೂಡಲೇ ಇಡೀ ಸಭೆ ಒಂದಾಯಿತು. ನಮ್ಮಲ್ಲಿಯಂತೆ ಎಲ್ಲರೂ ಒಂದೇ ರಾಗ ಹಿಡಿಯುವುದಿಲ್ಲ. ಒಬ್ಬಾಕೆ ಎತ್ತಿದ ಸ್ವರಕ್ಕೆ ಇನ್ನೊಬ್ಬಾಕೆ ಬೇರೆಯದೇ ಎಳೆ ಸೇರಿಸುತ್ತಾಳೆ, ಮೂರನೆಯವಳು ಮತ್ತೊಂದು. ಹೊರಗೆ ಎಲೆ ಸಿಕ್ಕಿಸುತ್ತಿದ್ದ ಅಜ್ಜಿಯೂ ಕೈ ನಿಲ್ಲಿಸದೆ ದನಿಗೂಡಿಸಿದರು.

ಮಳೆಗಾಲದಲ್ಲಿ ಕಾಡುಮಾವು ಉದುರುವಾಗ ಅದೇ ದೇವಾಲಯ ಹೆಚ್ಚುಕಡಿಮೆ ಖಾಲಿಯಾಗುತ್ತದೆಯಂತೆ. ಹೆಸರಿಗೆ ಮಾವಾದರೂ ಅದು ನಮ್ಮ ಮಾವಲ್ಲ. ಅದರ ಗೊರಟಿನೊಳಗಿನ ತಿರುಳಿಗೇ ಬೆಲೆ. ಅರೆದು ಸಾರಿಗೆ ಹಾಕುತ್ತಾರೆ, ಮಾರಿ ಉಪ್ಪು, ಬಟ್ಟೆ ಕೊಳ್ಳುತ್ತಾರೆ. ಮಕ್ಕಳ ಶಾಲೆಯೂ ಆಗ ಬರಿದಾಗುತ್ತದೆ. ಇದನ್ನು ಭಕ್ತಿ ಕಡಿಮೆಯಾದ ಲಕ್ಷಣವೆಂದು ಯಾರೂ ತಿಳಿಯಬಾರದು.

ಉತ್ತರ 2: ಭಾಷಾಶಾಸ್ತ್ರದ ವಿದ್ಯಾರ್ಥಿನಿ

ಹುಡುಗಿಯ ಪ್ರಶ್ನೆಗೆ ಉತ್ತರ: ಕೊಂಬಾ. ಲೋಕವನ್ನೂ ಪ್ರಾಣಿಗಳನ್ನೂ ಉಂಟುಮಾಡಿದವನು ಎಂದು ಬಾಕಾ ಕಥೆಗಳಲ್ಲಿ ಮೊದಲಿನಿಂದ ಬರುವ ಹೆಸರಿದು. ಕ್ರೈಸ್ತ ಬಾಕಾ ಜನರು ದೇವರಿಗೆ ಈ ಪದವನ್ನೇ ಬಳಸುತ್ತಾರೆ. ಕನ್ನಡ ಬೈಬಲಿನ ಅನುವಾದಕರು ಇಲ್ಲಿನ 'ದೇವರು' ಎಂಬ ಪದವನ್ನೇ ತೆಗೆದುಕೊಂಡಿದ್ದೂ ಹೀಗೆಯೇ. ಆದರೆ ಹಳೆಯ ಕಥೆಗಳ ಕೊಂಬಾನಿಗೆ ಹೆಂಡತಿ, ಮಕ್ಕಳು, ಬೇಟೆ ಎಲ್ಲವೂ ಉಂಟು. ಆದ್ದರಿಂದ ಪದ ಒಂದೇ ಆದರೂ ಅರ್ಥ ನಿಧಾನವಾಗಿ ಬದಲಾಗಬೇಕಾಗುತ್ತದೆ.

ಜೆಂಗಿಯ ವಿಷಯ ಇದಕ್ಕಿಂತ ಕಠಿಣ. ಜೆಂಗಿ ಕಾಡಿನ ಮಹಾಶಕ್ತಿ. ಹುಡುಗರು ಗಂಡಸರಾಗುವ ದೀಕ್ಷೆ ಅದರದೇ. ರಾಫಿಯಾ ತಾಳೆಯ ನಾರಿನಲ್ಲಿ ಅಡಿಮುಡಿ ಮುಚ್ಚಿಕೊಂಡು ಅದು ಕುಣಿಯುತ್ತ ಬರುವಾಗ ಹೆಂಗಸರೂ ದೀಕ್ಷೆಯಾಗದವರೂ ದೂರ ನಿಂತೇ ಹಾಡಬೇಕು. ಕೊಂಬಾನನ್ನು ಒಪ್ಪಿದ ಬೋಧಕರಲ್ಲಿ ಹಲವರು ಜೆಂಗಿಯನ್ನು ಸೈತಾನನೆಂದರು, ಕೆಲವರು ಸುಮ್ಮನಿದ್ದರು. ಶನಿವಾರ ರಾತ್ರಿ ಜೆಂಗಿಗೆ ಹಾಡಿ ಬೆಳಿಗ್ಗೆ ಆರಾಧನೆಗೆ ಬರುವವರೂ ಇದ್ದಾರೆ. ಅವರನ್ನು ಕಪಟಿಗಳೆನ್ನುವುದನ್ನು ನಾನು ಒಪ್ಪುವುದಿಲ್ಲ.

ಉತ್ತರ 3: ನಿವೃತ್ತ ಸಭಾಪಾಲಕ

ಜೆಂಗಿಯ ಬಗ್ಗೆ ನನ್ನ ನಿಲುವು ಸ್ವಲ್ಪ ಬೇರೆ, ಏಕೆಂದರೆ ದೀಕ್ಷಾಸ್ನಾನ ಪಡೆದವರಿಗೆ ಇಬ್ಬರು ಯಜಮಾನರಿರಲಾರರೆಂದು ನಾನು ಜೀವಮಾನವಿಡೀ ಬೋಧಿಸಿದ್ದೇನೆ. ಆದರೆ ಅದನ್ನು ತೀರ್ಮಾನಿಸಬೇಕಾದವರು ಬಾಕಾ ವಿಶ್ವಾಸಿಗಳೇ ಹೊರತು ಹೊರಗಿನವರಲ್ಲ. ಅಕ್ಕಪಕ್ಕದ ಬೇಸಾಯಗಾರರು ತಲೆಮಾರುಗಳಿಂದ ಬಾಕಾ ಜನರನ್ನು ತಮ್ಮ ಆಳುಗಳಂತೆ ಕಂಡಿದ್ದಾರೆ. ಬೋಧಕನೂ ಅದೇ ಬೇಸಾಯಗಾರರ ಮನೆಯವನಾಗಿ ಬಂದರೆ, ಸುವಾರ್ತೆಯೂ ಯಜಮಾನನ ಅಪ್ಪಣೆಯಂತೆಯೇ ಕೇಳಿಸುತ್ತದೆ. 2001ರಲ್ಲಿ ಅಲ್ಲಿನ ಲೊಬೆಕೆ ಕಾಡು ರಾಷ್ಟ್ರೀಯ ಉದ್ಯಾನವಾದ ಮೇಲೆ ಅಜ್ಜಂದಿರು ನಡೆದ ದಾರಿಗಳಲ್ಲೇ ಅವರನ್ನು ಕಾವಲುಗಾರರು ತಡೆದ ನೋವೂ ಇದೆ. ಅಂಥವರ ಮುಂದೆ ಸಮಾನತೆಯ ಮಾತು ಹೇಳುವ ಸಭೆ, ಅವರನ್ನು ಕೂರಿಸುವ ಬೆಂಚಿನಿಂದಲೇ ಅದನ್ನು ತೋರಿಸಬೇಕು.

ಮಕ್ಕಳಿಗೆ, ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನದ ಪಾಠವನ್ನು ಜೊತೆಗೆ ಹೇಳಿ. ಆಯಾ ದಿನಕ್ಕೆ ಬೇಕಾದಷ್ಟೇ ಕೂಡಿಸಬೇಕು, ಮರುದಿನಕ್ಕೆ ಇಟ್ಟರೆ ಹುಳ ಬೀಳುತ್ತದೆ ಎಂಬುದನ್ನು ನಾವು ಕಣಜ ತುಂಬಿಕೊಂಡೇ ಓದುತ್ತೇವೆ. ಬಾಕಾ ಬೇಟೆಗಾರ ತಂದ ಮಾಂಸವಾದರೋ ಅಂದೇ ಗುಡಿಸಲಿನಿಂದ ಗುಡಿಸಲಿಗೆ ಹಂಚಿಹೋಗುತ್ತದೆ. ಅನುದಿನದ ಆಹಾರಕ್ಕಾಗಿ ಬೇಡುವ ಪ್ರಾರ್ಥನೆಯ ಸಾಲನ್ನು ಅವರಿಗೆ ವಿವರಿಸಬೇಕಾದ ಅಗತ್ಯವೇ ಬೀಳಲಾರದು.

ಬಲ್ಮಠದ ಓದುಗ

ಮೂವರಿಗೂ ವಂದನೆಗಳು. ಕೊಂಬಾ ಎಂಬ ಹೆಸರನ್ನು ಬರುವ ಭಾನುವಾರ ಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ದುವಾಲಾದಲ್ಲಿದ್ದವರ ಬಳಿ ಆ ಹಾಡಿನ ಧ್ವನಿಮುದ್ರಣವಿದ್ದರೆ ಮಕ್ಕಳಿಗೆ ಕೇಳಿಸುವ ಆಸೆಯಿದೆ.

ದುವಾಲಾದಲ್ಲಿದ್ದವರು

ಆರಾಧನೆಯನ್ನು ಮುದ್ರಿಸಲು ನನಗೆ ಸಂಕೋಚವಾಯಿತು. ಅಂದು ಸಂಜೆ ಹೊಳೆಯಲ್ಲಿ ಸೊಂಟದುದ್ದ ನೀರಿನಲ್ಲಿ ನಿಂತ ಹುಡುಗಿಯರು, ಬೊಗಸೆಗೈಯಿಂದ ನೀರನ್ನೇ ಮದ್ದಳೆಯಂತೆ ಬಡಿಯುತ್ತ ಆಡಿದ್ದನ್ನು ಅವರ ತಾಯಂದಿರನ್ನು ಕೇಳಿ ಫೋನಿನಲ್ಲಿ ಹಿಡಿದಿದ್ದೇನೆ, ಅದನ್ನು ಕಳುಹಿಸುತ್ತೇನೆ.