ಪ್ರಶ್ನೋತ್ತರ: ಸ್ಕೂಲಲ್ಲಿ ಲಾಕ್‌ಡೌನ್ ಡ್ರಿಲ್, ಮನೇಲಿ ನಾವೇನು ಮಾಡ್ಬೇಕು?

ಪ್ರಶ್ನೆ, ಡಲ್ಲಾಸ್ ಕಡೆಯ ಒಬ್ಬ ಅಮ್ಮ:

ಎಲ್ರಿಗೂ ನಮಸ್ಕಾರ. ಸ್ಕೂಲ್ ಸೇಫ್ಟಿ ಕೆಲಸ ಮಾಡೋ ಅಕ್ಕ ಒಬ್ರು ಈ ಗ್ರೂಪಲ್ಲಿ ಇದ್ದಾರೆ ಅಂತ ಯಾರೋ ಹೇಳಿದ್ರು, ಅವ್ರಿಗೇ ಈ ಪ್ರಶ್ನೆ. ನಾವು ಅಮೆರಿಕಾಕ್ಕೆ ಬಂದು ಎರಡು ವರ್ಷ, ಮಗಳು ಈ ಆಗಸ್ಟಲ್ಲಿ ಕಿಂಡರ್‌ಗಾರ್ಟನ್ ಸೇರಿದ್ಲು. ಮೊನ್ನೆ ಸಂಜೆ ನಮ್ಮತ್ತೆ ದೇವ್ರಿಗೆ ದೀಪ ಹಚ್ಚಿ ಕೂತಿದ್ರು (ದಾವಣಗೆರೆಯಿಂದ ಬಂದಿದ್ದಾರೆ, ಆರು ತಿಂಗಳು ಇರ್ತಾರೆ), ಇವಳು ತಮ್ಮನ್ನ ದರದರ ಎಳ್ಕೊಂಡು ಬಂದು ಸೋಫಾ ಹಿಂದೆ ಕೂರ್ಸಿ ಬಾಯಿ ಮೇಲೆ ಬೆರಳಿಟ್ಟು, "ಅಜ್ಜಿ ಲೈಟ್ ಆಫ್ ಮಾಡು, ದೀಪಾನೂ ಆರ್ಸು" ಅಂದ್ಲು. ಅತ್ತೆ ನಗ್ತಾ "ದೀಪ ಆರ್ಸು ಅನ್ಬಾರ್ದು ಪುಟ್ಟಿ" ಅಂದ್ರು. ಇವಳು ನಗ್ಲಿಲ್ಲ. "ಬೆಳಕು ಕಂಡ್ರೆ ಅವ್ನಿಗೆ ಗೊತ್ತಾಗುತ್ತೆ" ಅಂದ್ಲು. ಯಾರೇ ಅವ್ನು ಅಂತ ಅತ್ತೆ ನನ್ನ ಮುಖ ನೋಡಿದ್ರು, ನಂಗೆ ಏನ್ ಹೇಳ್ಬೇಕೋ ತೋಚ್ಲಿಲ್ಲ, ಆಮೇಲೆ ಸ್ಕೂಲ್ ಆ್ಯಪ್ ನೋಡಿದ್ರೆ ಅವತ್ತು ಲಾಕ್‌ಡೌನ್ ಡ್ರಿಲ್ ಇತ್ತಂತೆ, ಅಂದ್ರೆ ಗನ್ ಹಿಡಿದೋನು ಸ್ಕೂಲಿಗೆ ನುಗ್ಗಿದ್ರೆ ಬಾಗಿಲು ಹಾಕ್ಕೊಂಡು ಬಚ್ಚಿಟ್ಕೊಳ್ಳೋ ಪ್ರಾಕ್ಟೀಸ್.

ರಾತ್ರಿ ಎಲ್ಲಾ ನಿದ್ದೆ ಬರ್ಲಿಲ್ಲ. ಈ ಡ್ರಿಲ್‌ನಿಂದ ಉಪಯೋಗ ಇದ್ಯಾ, ಇಲ್ಲ ಮಕ್ಕಳನ್ನ ಸುಮ್ನೆ ಹೆದರಿಸ್ತಿದ್ದಾರಾ? ಮನೇಲಿ ನಾನೇನು ಹೇಳ್ಲಿ ಅವಳಿಗೆ?

ಉತ್ತರ:

ನಾನೇ ಆ ಅಕ್ಕ. ಹುಟ್ಟೂರು ತುಮಕೂರು, ಇಲ್ಲಿ ಮೊದ್ಲು ಸ್ಕೂಲ್ ಕೌನ್ಸೆಲರ್ ಆಗಿದ್ದೆ, ಈಗ ಸ್ಕೂಲ್ ಡಿಸ್ಟ್ರಿಕ್ಟಿನ ಸೇಫ್ಟಿ ಟೀಮಲ್ಲಿ ಇದ್ದೀನಿ.

ಮಗಳು ಆಡಿದ್ದು ಆಟ ಕಣಮ್ಮ, ಅದಕ್ಕೆ ಗಾಬರಿ ಬೀಳ್ಬೇಡಿ. ನಾವು ಚಿಕ್ಕೋರಿದ್ದಾಗ ಇಂಜೆಕ್ಷನ್ ಚುಚ್ಚಿಸ್ಕೊಂಡು ಬಂದು ಗೊಂಬೆಗೆ ಚುಚ್ತಿರ್ಲಿಲ್ವಾ, ಹಾಗೆ. ಅದ್ರಲ್ಲಿ ನಂಗೆ ಸರಿ ಕಾಣ್ದೆ ಇದ್ದಿದ್ದು "ಅವ್ನು" ಅನ್ನೋ ಮಾತು. ಐದು ವರ್ಷದ ಮಗುವಿಗೆ ಅವ್ನು ಯಾರು, ಕೈಯಲ್ಲಿ ಏನಿರುತ್ತೆ ಅಂತೆಲ್ಲಾ ಹೇಳೋ ಅಗತ್ಯಾನೇ ಇಲ್ಲ, "ಟೀಚರ್ ಹೇಳಿದ ತಕ್ಷಣ ಸದ್ದಿಲ್ದೆ ಅವ್ರ ಹತ್ರ ಹೋಗಿ ಕೂರೋ ಪ್ರಾಕ್ಟೀಸ್" ಅಂದ್ರೆ ಸಾಕು. ಟೀಚರ್‌ಗೆ ಒಂದು ಮೆಸೇಜ್ ಹಾಕಿ, ಯಾವ ಪದ ಬಳಸಿ ಹೇಳ್ಕೊಟ್ರಿ ಅಂತ ಕೇಳಿ. ಜಗಳಕ್ಕೆ ಹೋದ ಹಾಗಲ್ಲ ಅದು, ನಾವು ಪೇರೆಂಟ್ಸ್ ಕೇಳ್ಬೇಕಾದ ಪ್ರಶ್ನೆನೇ.

ಇನ್ನು ಉಪಯೋಗ ಇದ್ಯಾ ಅಂದ್ರಲ್ಲ, ಇದೆ, ಆದ್ರೆ ಉಪಯೋಗ ಇರೋದು ಬೇಜಾರು ಬರಿಸೋವಷ್ಟು ಸಾದಾ ವಿಷ್ಯದಲ್ಲಿ. ಬಾಗಿಲು. ಅಷ್ಟೇ. 2012 ಡಿಸೆಂಬರ್ 14, ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆ, 20 ಮಕ್ಕಳು, 6 ಜನ ಸಿಬ್ಬಂದಿ ಗುಂಡೇಟಿಗೆ ಹೋದ್ರು. ಮೇನ್ ಡೋರ್ ಲಾಕ್ ಆಗಿತ್ತು, ಗನ್ ಹಿಡ್ಕೊಂಡು ಬಂದೋನು ಪಕ್ಕದ ಗಾಜಿಗೆ ಗುಂಡು ಹೊಡ್ದು ಒಳಗೆ ಬಂದ. ಕ್ಲಾಸ್‌ರೂಮ್ ಬಾಗಿಲುಗಳಿಗೆ ಬೀಗ ಇತ್ತು, ಆದ್ರೆ ಕೀ ಹಾಕಿ ತಿರುಗಿಸ್ಬೇಕಾಗಿದ್ದು ಹೊರಗಡೆ ಕಾರಿಡಾರ್ ಕಡೆಯಿಂದ! ಟೀಚರ್ ಮಕ್ಕಳನ್ನ ಕಾಪಾಡ್ಬೇಕಂದ್ರೆ ಮೊದ್ಲು ಅವನಿರೋ ಕಾರಿಡಾರಿಗೇ ಕಾಲಿಡ್ಬೇಕು. ಆ ಘಟನೆ ಬಗ್ಗೆ ನೇಮಿಸಿದ ಆಯೋಗ ಕ್ಲಾಸ್ ಬಾಗಿಲು ಒಳಗಿಂದ ಲಾಕ್ ಆಗೋ ಹಾಗಿರ್ಬೇಕು ಅಂತ ಹೇಳ್ತು.

2018ರ ಫೆಬ್ರವರಿ 14, ಫ್ಲೋರಿಡಾದ ಪಾರ್ಕ್‌ಲ್ಯಾಂಡಿನ ಸ್ಕೂಲು, 17 ಜನ ಹೋದ್ರು. ಅಲ್ಲಿ ಗುಂಡು ಹಾರಿಸಿದೋನು ಒಂದು ಕ್ಲಾಸೊಳಗೂ ಕಾಲಿಡ್ಲಿಲ್ಲ, ಬಾಗಿಲಿನ ಗಾಜಿನ ಕಿಂಡಿಯಿಂದಾನೇ ಹೊಡೆದ. ಕಿಂಡಿಯಿಂದ ಕಾಣದ ಮೂಲೆ ಯಾವ್ದು ಅಂತ ಹೆಚ್ಚಿನ ಕ್ಲಾಸಲ್ಲಿ ಮೊದ್ಲೇ ಗುರುತು ಮಾಡಿ ಖಾಲಿ ಇಟ್ಕೊಂಡಿರ್ಲಿಲ್ಲ, ಕೆಲವು ಕ್ಲಾಸಲ್ಲಿ ಆ ಮೂಲೆ ತುಂಬ ಟೇಬಲ್ಲು ಬೀರು. ಮೇಲಿಂದ ಗುಂಡಿನ ಹೊಗೆ ಧೂಳಿಗೆ ಫೈರ್ ಅಲಾರಂ ಬೇರೆ ಹೊಡ್ಕೊಳ್ತು, ಮೂರನೇ ಮಹಡಿ ಮಕ್ಕಳು ಬೆಂಕಿ ಅಂದ್ಕೊಂಡು ಕಾರಿಡಾರಿಗೆ ಬಂದ್ಬಿಟ್ರು.

ಹಾಗಾಗಿ ನಿಮ್ಮ ಮಗಳಿಗೆ ಕಲಿಸ್ತಿರೋದು ಮೂರೇ, ಬಾಗಿಲು ಲಾಕ್, ಲೈಟ್ ಆಫ್, ಕಣ್ಣಿಗೆ ಬೀಳದ ಜಾಗ. ಸಾವಿರಾರು ಸ್ಕೂಲಲ್ಲಿ ಇದೇ ಪದ್ಧತಿ. ಇದನ್ನ ಮಾಡಿದ್ದು ಐ ಲವ್ ಯು ಗಯ್ಸ್ ಅನ್ನೋ ಫೌಂಡೇಶನ್ನು. 2006ರಲ್ಲಿ ಕೊಲೊರಾಡೋದ ಬೇಲಿ ಅನ್ನೋ ಊರಲ್ಲಿ ಒತ್ತೆಯಾಳಾಗಿದ್ದ 16 ವರ್ಷದ ಹುಡುಗಿ ಅಪ್ಪ ಅಮ್ಮಂಗೆ ಕಳಿಸಿದ ಮೆಸೇಜ್ ಅದು, ಅವಳು ಬದುಕ್ಲಿಲ್ಲ, ಅಪ್ಪ ಅಮ್ಮ ಅದೇ ಮಾತನ್ನ ಸಂಸ್ಥೆಗೆ ಹೆಸ್ರಿಟ್ರು.

ಒಂದು ವಿಷ್ಯ ತಿಳ್ಕೊಂಡಿರಿ, ಅರ್ಧ ನಿದ್ದೆ ಉಳಿಯುತ್ತೆ. ಸ್ಕೂಲಿಂದ "ಸೆಕ್ಯೂರ್" ಅಂತ ಮೆಸೇಜ್ ಬಂದ್ರೆ ತೊಂದ್ರೆ ಹೊರಗೆಲ್ಲೋ ಇದೆ ಅಂತ, ಹೊರಬಾಗಿಲು ಹಾಕಿರ್ತಾರೆ, ಒಳಗೆ ಪಾಠ ನಡೀತಾನೇ ಇರುತ್ತೆ. "ಹೋಲ್ಡ್" ಅಂದ್ರೆ ಕಾರಿಡಾರ್ ಖಾಲಿ ಬೇಕಾಗಿದೆ ಅಷ್ಟೆ, ಯಾವ್ದೋ ಮಗುವಿಗೆ ಫಿಟ್ಸ್ ಬಂದಿದ್ರೂ ಹೋಲ್ಡೇ. "ಲಾಕ್‌ಡೌನ್" ಮಾತ್ರ ಬೇರೆ, ಅಪಾಯ ಸ್ಕೂಲೊಳಗೇ ಇದೆ ಅಂತ. ಎಲ್ಲಾನೂ ಒಂದೇ ಅಂದ್ಕೊಂಡು ಪೇರೆಂಟ್ಸ್ ವಾಟ್ಸಾಪಲ್ಲಿ ಉರಿಯೋದನ್ನ ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ.

ಪ್ರಶ್ನೆ, ಹ್ಯೂಸ್ಟನ್ನಿಂದ ಒಬ್ಬ ಅಪ್ಪ:

ಮೇಡಂ, ನಮ್ಮ ಆಫೀಸ್ ಟ್ರೈನಿಂಗಲ್ಲಿ ರನ್, ಹೈಡ್, ಫೈಟ್ ಅಂತ ವಿಡಿಯೋ ತೋರ್ಸಿದ್ರು, ಮೊದ್ಲು ಓಡು ಅಂತಾರೆ. ಮತ್ತೆ ಮಕ್ಕಳಿಗೆ ಮಾತ್ರ ಯಾಕೆ ಕೋಳಿಮರಿ ಥರ ಮೂಲೇಲಿ ಕೂತ್ಕೋ ಅನ್ನೋದು? ನಂಗೆ ಇದು ತಲೆಗೆ ಹೋಗ್ತಿಲ್ಲ.

ಉತ್ತರ:

ಸರ್ ಆ ವಿಡಿಯೋ ನಿಮ್ಮೂರಿಂದೇ, 2012ರಲ್ಲಿ ಹ್ಯೂಸ್ಟನ್ ಸಿಟಿಯವ್ರು ಮಾಡಿದ್ದು, ಆಮೇಲೆ ದೇಶ ಪೂರ್ತಿ ಹಬ್ತು. ದೊಡ್ಡೋರಿಗೆ ಅದು ಸರಿನೇ. ಮಾಲಲ್ಲೋ ದೇವಸ್ಥಾನದ ಹಾಲಲ್ಲೋ ಯುಗಾದಿ ಪ್ರೋಗ್ರಾಮಲ್ಲೋ ಇದ್ರೆ ಒಳಗೆ ಹೋಗುವಾಗ್ಲೇ ಇನ್ನೊಂದು ಬಾಗಿಲು ಎಲ್ಲಿದೆ ಅಂತ ಒಂದ್ಸಲ ನೋಡ್ಕೊಳ್ಳಿ. ನಾವೆಲ್ಲಾ ಬಂದ ಬಾಗಿಲಿಗೇ ವಾಪಸ್ ನುಗ್ತೀವಿ, ಅಡುಗೆಮನೆ ಕಡೆ ಬಾಗಿಲು ಯಾರಿಗೂ ನೆನಪಾಗಲ್ಲ. ಓಡೋಕೆ ದಾರಿ ಇದ್ರೆ ಓಡಿ, ಚಪ್ಪಲಿ ಪರ್ಸು ಹುಡುಕ್ಬೇಡಿ. ದಾರಿ ಇಲ್ದಿದ್ರೆ ಬಾಗಿಲು ಹಾಕಿ ಅಡ್ಡ ಏನಾದ್ರೂ ಇಟ್ಟು ಫೋನ್ ಸೈಲೆಂಟ್ ಮಾಡಿ. ಎದುರು ಬಿದ್ದು ಹೊಡೆಯೋದು ಬೇರೆ ದಾರಿನೇ ಇಲ್ದಾಗ ಮಾತ್ರ.

ಆದ್ರೆ 22 ಪುಟಾಣಿಗಳನ್ನ ಒಬ್ರೇ ಟೀಚರ್ ಓಡಿಸ್ಕೊಂಡು ಹೋಗೋದು ಹೇಗೆ, ಎಲ್ಲಿಗೆ? ಸದ್ದು ಯಾವ ಕಡೆಯಿಂದ ಬಂತು ಅಂತಾನೂ ಗೊತ್ತಿರಲ್ಲ. ಬೀಗ ಬಿದ್ದ ಕ್ಲಾಸ್ ಬಾಗಿಲು ಒಡೀತಾ ನಿಂತ್ಕೊಳ್ಳೋದು ತೀರಾ ಅಪರೂಪ, ಗುಂಡು ಹಾರಿಸೋನಿಗೂ ಟೈಮ್ ಇಲ್ಲ. ಎಫ್‌ಬಿಐ 2000ದಿಂದ 2013ರವರೆಗಿನ 160 ಗುಂಡಿನ ದಾಳಿ ನೋಡ್ತು, ಅದ್ರಲ್ಲಿ ಎಷ್ಟು ಹೊತ್ತು ನಡೀತು ಅಂತ ಗೊತ್ತಾಗಿದ್ದು 63, ಅದ್ರಲ್ಲಿ 44 ಘಟನೆ ಐದು ನಿಮಿಷದೊಳಗೇ ಮುಗ್ದಿತ್ತು. ಆ ಐದು ನಿಮಿಷಕ್ಕೇ ಬಾಗಿಲು.

ಹೈಸ್ಕೂಲ್ ಮಕ್ಕಳ ವಿಷ್ಯ ಬೇರೆ, ಅವ್ರಿಗೆ ಸ್ವಲ್ಪ ಸ್ವಂತ ಬುದ್ಧಿ ಬಳಸೋಕೂ ಹೇಳ್ಕೊಡ್ತಾರೆ. 2021 ನವೆಂಬರ್ 30, ಮಿಷಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಲ್ಲಿ ಒಬ್ಬ ವಿದ್ಯಾರ್ಥಿ ಗುಂಡು ಹಾರಿಸಿದ. ಒಂದು ಕ್ಲಾಸ್ ಬಾಗಿಲ ಹೊರಗಿಂದ ಯಾರೋ ಶೆರಿಫ್ ಆಫೀಸು (ಕೌಂಟಿ ಪೊಲೀಸ್), ಬಾಗಿಲು ತೆಗೀಬಹುದು ಅಂದ್ರು. ಮಕ್ಕಳು ತೆಗೀಲಿಲ್ಲ. ಆ ಧ್ವನಿ ಮಾತಿನ ಮಧ್ಯೆ "ಬ್ರೋ" ಅಂತು, ಒಂದು ಹುಡುಗ "ಬ್ರೋ ಅಂದ, ಡೌಟು" ಅಂದ, ಎಲ್ರೂ ಕಿಟಕಿ ಹಾರಿ ಹೋದ್ರು. ಹೊರಗಿದ್ದಿದ್ದು ನಿಜವಾದ ಪೊಲೀಸೇ ಇರ್ಬೇಕು ಅಂತ ಆಮೇಲೆ ಶೆರಿಫ್ ಹೇಳಿದ್ರು. ಇರ್ಲಿ, ಮಕ್ಕಳು ಮಾಡಿದ್ದೇ ಸರಿ. ಪೊಲೀಸರ ಹತ್ರ ಕೀ ಇರುತ್ತೆ, ಅವ್ರೇ ತೆಗೀತಾರೆ.

ನಂಗೆ ಸಿಟ್ಟು ಬರೋದು ನಾಟಕದ ಡ್ರಿಲ್ ಕಂಡ್ರೆ. ಖಾಲಿ ಗುಂಡು ಹಾರ್ಸೋದು, ಕೆಂಪು ಬಣ್ಣ ಬಳ್ಕೊಂಡು ಮಲ್ಗೋದು, ಇದು ಡ್ರಿಲ್ ಅಂತ ಹೇಳ್ದೇನೇ ಶುರು ಮಾಡೋದು. 2019ರಲ್ಲಿ ಇಂಡಿಯಾನಾದ ಒಂದು ಕಡೆ ಟ್ರೈನಿಂಗ್ ಹೆಸ್ರಲ್ಲಿ ಟೀಚರ್‌ಗಳನ್ನ ಗೋಡೆ ಕಡೆ ಮಂಡಿಯೂರಿಸಿ ಹಿಂದಿಂದ ಪ್ಲಾಸ್ಟಿಕ್ ಪೆಲೆಟ್ ಹೊಡೆದ್ರು, ಮೈಮೇಲೆ ಬಾಸುಂಡೆ ಬಂತು. ಇದ್ರಿಂದ ಯಾರು ಏನು ಕಲಿತ್ರು? ಮಕ್ಕಳ ಡಾಕ್ಟರುಗಳ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸು, 2020ರಲ್ಲೇ ಇಂಥ ಡ್ರಿಲ್ ಬೇಡ ಅಂತ ಬರೆದಿದೆ. ಫೈರ್ ಡ್ರಿಲ್ ಮಾಡೋಕೆ ಯಾರಾದ್ರೂ ಸ್ಕೂಲಿಗೆ ಬೆಂಕಿ ಹಚ್ತಾರಾ ಹೇಳಿ.

ಪ್ರಶ್ನೆ, ಆಸ್ಟಿನ್ ಅಮ್ಮ:

ಎಲ್ಲಾ ಸರಿ ಅಕ್ಕ, ನಮ್ಮ ಟೆಕ್ಸಸ್‌ನ ಯುವಾಲ್ಡೆ ಸ್ಕೂಲಲ್ಲಿ ಗುಂಡಿನ ದಾಳಿ ಆದಾಗ ಪೊಲೀಸ್ರು ಹೊರಗೆ ನಿಂತಿದ್ರಲ್ಲ, ಅದಾದ್ಮೇಲೆ ನಂಬೋದು ಹೇಗೆ? ನಾನಂತೂ ಅಲಾರಂ ಬಂದ್ರೆ ಕಾರ್ ತಗೊಂಡು ಹೋಗೋಳೇ. ಮಗನ ಕೈಗೆ ಸ್ಮಾರ್ಟ್‌ವಾಚ್ ಬೇರೆ ಕಟ್ಟಿದ್ದೀನಿ, ಕಾಲ್ ಮಾಡ್ತೀನಿ.

ಉತ್ತರ:

ನಿಮ್ಮ ಸಿಟ್ಟು ನಂದೂ ಹೌದು. 1999ರಲ್ಲಿ ಕೊಲೊರಾಡೋದ ಕೊಲಂಬೈನ್ ಹೈಸ್ಕೂಲಲ್ಲಿ ಗುಂಡಿನ ದಾಳಿ ಆದಾಗ ಪೊಲೀಸ್ರು ಸುತ್ತುವರಿದು ಸ್ವಾಟ್ ಟೀಮಿಗೆ (ಕಮಾಂಡೋ ಥರದ ವಿಶೇಷ ಪೊಲೀಸ್ ಪಡೆ) ಕಾದ್ರು. ಆಮೇಲೆ ನಿಯಮಾನೇ ಬದಲಾಯ್ತು, ಮೊದ್ಲು ಬಂದೋರು ಒಬ್ರೋ ಇಬ್ರೋ ಇದ್ರೂ ಸದ್ದು ಬರೋ ಕಡೆಗೇ ಹೋಗ್ಬೇಕು. 2022 ಮೇ 24ರಂದು ಯುವಾಲ್ಡೆ ರಾಬ್ ಎಲಿಮೆಂಟರಿಗೆ ಒಟ್ಟು 376 ಪೊಲೀಸ್ರು ಬಂದ್ರು, ಆ ಕ್ಲಾಸಿನ ಒಳಗೆ ಹೋಗೋಕೆ 77 ನಿಮಿಷ ಆಯ್ತು, 19 ಮಕ್ಕಳು 2 ಟೀಚರ್ಸ್ ಹೋದ್ರು. ಅದನ್ನ ಸಮರ್ಥಿಸೋಕೆ ನನ್ನ ಹತ್ರ ಒಂದು ಪದಾನೂ ಇಲ್ಲ. ಅಲ್ಲೂ ಬಾಗಿಲಿನ ಕಥೆ ಇತ್ತು, ಆ ಕ್ಲಾಸಿನ ಲಾಕ್ ಸರಿಯಾಗಿ ಬೀಳ್ತಿರ್ಲಿಲ್ಲ ಅಂತ ಸ್ಕೂಲಲ್ಲಿ ಮೊದ್ಲೇ ಗೊತ್ತಿತ್ತು.

ಆದ್ರೂ ಕಾರ್ ಬಗ್ಗೆ ನನ್ನ ಉತ್ತರ ಬೇಡ ಅಂತಾನೇ. ನಾಲ್ಕುನೂರು ಪೇರೆಂಟ್ಸ್ ಕಾರು ಸ್ಕೂಲ್ ಮುಂದಿನ ರಸ್ತೇಲಿ ಸಿಕ್ಕಾಕ್ಕೊಂಡ್ರೆ ಆಂಬುಲೆನ್ಸ್ ಎಲ್ಲಿಂದ ಹೋಗ್ಬೇಕು? ಮಕ್ಕಳನ್ನ ಸಾಮಾನ್ಯವಾಗಿ ಬೇರೆ ಜಾಗಕ್ಕೆ ಕರ್ಕೊಂಡು ಹೋಗ್ತಾರೆ, ಚರ್ಚೋ ಇನ್ನೊಂದು ಸ್ಕೂಲೋ, ಅಲ್ಲಿ ಫೋಟೋ ಐಡಿ ನೋಡಿ ಲಿಸ್ಟಲ್ಲಿ ಹೆಸ್ರು ಇದ್ದೋರಿಗೆ ಮಾತ್ರ ಒಪ್ಪಿಸ್ತಾರೆ. ನಮ್ಮೋರು ತಪ್ಪು ಮಾಡೋದು ಇಲ್ಲೇ. ಗಂಡ ಹೆಂಡ್ತಿ ಇಬ್ರ ಹೆಸ್ರೇ ಇರುತ್ತೆ, ಇಬ್ರೂ ಆಫೀಸಲ್ಲಿ ದೂರ, ಮನೇಲಿರೋ ಅಜ್ಜ ಓಡಿ ಹೋದ್ರೆ ಕೊಡಲ್ಲ, ಅಜ್ಜಂಗೆ ಇಂಗ್ಲಿಷ್ ಬರಲ್ಲ, ಐಡಿ ಇಲ್ಲ, ಪಾಸ್‌ಪೋರ್ಟ್ ಬೀರುವಿನಲ್ಲಿ. ಒಂದು ಡ್ರಿಲ್ಲಿನಲ್ಲಿ ಒಬ್ರು ತಾತ ಮೊಮ್ಮಗಳ ಫೋಟೋ ಫೋನಲ್ಲಿ ತೋರಿಸ್ತಾ ಮುಕ್ಕಾಲು ಗಂಟೆ ನಿಂತಿದ್ರು, ಕೊನೆಗೆ ನಾನು ಹೋಗಿ ಕನ್ನಡದಲ್ಲಿ ಮಾತಾಡ್ಸಿದಾಗ ಅತ್ತೇ ಬಿಟ್ರು. ಅದು ಬರೀ ಡ್ರಿಲ್ಲು, ನಿಜ ಆಗಿದ್ರೆ?

ವಾಚಿಗೆ ಸ್ಕೂಲ್ ಮೋಡ್ ಇರುತ್ತೆ, ಹಾಕಿಡಿ. ಕಾಲ್ ಮಾಡ್ಲೇಬೇಡಿ ದಯವಿಟ್ಟು, ಕತ್ತಲೆ ಕ್ಲಾಸಲ್ಲಿ ವಾಚ್ ಬೆಳಗಿ ಗುಂಯ್ ಅಂದ್ರೆ ಏನಾಗುತ್ತೆ ನೀವೇ ಯೋಚ್ನೆ ಮಾಡಿ.

ಪ್ರಶ್ನೆ, ಹೆಸರು ಬೇಡ ಅಂದವರು:

ಮಗ ಏಳನೇ ಕ್ಲಾಸು. ಅವನ ಫ್ರೆಂಡ್ ಮನೇಲಿ ಗನ್ ಇದ್ಯಂತೆ, ಡ್ರಾಯರಲ್ಲಿ. ಆಟಕ್ಕೆ ಕಳಿಸೋದು ಬಿಡ್ಬೇಕಾ? ಕೇಳಿದ್ರೆ ಅವ್ರು ಬೇಜಾರ್ ಮಾಡ್ಕೊಳ್ತಾರೇನೋ ಅಂತ ಸುಮ್ನಿದ್ದೀನಿ.

ಉತ್ತರ:

ಕೇಳಿ. ನಾವು ನೆಲಗಡಲೆ ಅಲರ್ಜಿ ಬಗ್ಗೆ ಹೇಳಲ್ವಾ, ನಿಮ್ಮನೇಲಿ ನಾಯಿ ಇದ್ಯಾ ಅಂತ ಕೇಳಲ್ವಾ, ಅದೇ ಉಸಿರಲ್ಲಿ "ಗನ್ ಇದ್ರೆ ಲಾಕ್ ಮಾಡಿಟ್ಟಿರ್ತೀರಾ?" ಅಂತ ಕೇಳಿ. ಗನ್ ಇಟ್ಕೊಂಡೋರಲ್ಲಿ ಜವಾಬ್ದಾರಿ ಇರೋರು ಬೇಜಾರ್ ಮಾಡ್ಕೊಳ್ಳಲ್ಲ, ಸೇಫ್ ತೋರಿಸ್ತಾರೆ. ಡ್ರಾಯರಲ್ಲೇ ಇರುತ್ತೆ ಅಂದ್ರೆ ಹುಡುಗರು ನಿಮ್ಮನೇಲೇ ಆಡ್ಲಿ, ದೋಸೆ ಹಾಕ್ಕೊಡಿ.

ಅಮೆರಿಕಾ ಅಧ್ಯಕ್ಷರ ಭದ್ರತೆ ನೋಡ್ಕೊಳ್ಳೋ ಸೀಕ್ರೆಟ್ ಸರ್ವಿಸ್‌ನವ್ರು 2008ರಿಂದ 2017ರ ನಡುವಿನ 41 ಸ್ಕೂಲ್ ದಾಳಿಗಳನ್ನ ಓದಿ 2019ರಲ್ಲಿ ವರದಿ ಕೊಟ್ರು. ಬಂದೂಕು ಬಳಸಿದ ಹುಡುಗರಲ್ಲಿ ಮುಕ್ಕಾಲು ಪಾಲು ಅದನ್ನ ತಂದಿದ್ದು ಅಪ್ಪ ಅಮ್ಮನ ಅಥವಾ ಹತ್ತಿರದ ನೆಂಟರ ಮನೆಯಿಂದ. ಮೇಲೆ ಹೇಳಿದ ಆಕ್ಸ್‌ಫರ್ಡ್ ಕೇಸಲ್ಲಿ ಹುಡುಗನ ಅಪ್ಪ ಅಮ್ಮ ಇಬ್ರಿಗೂ 2024ರಲ್ಲಿ ಜೈಲಾಯ್ತು. ಇನ್ನೊಂದು, ಹೆಚ್ಚಿನ ಹುಡುಗರು ಮುಂಚೆನೇ ಯಾರ ಹತ್ರಾನೋ ಬಾಯಿ ಬಿಟ್ಟಿರ್ತಾರೆ, ಕೇಳಿಸ್ಕೊಂಡೋರು ತಮಾಷೆ ಅಂದ್ಕೊಂಡು ಬಿಟ್ಟಿರ್ತಾರೆ. ಸೀಕ್ರೆಟ್ ಸರ್ವಿಸ್‌ನವ್ರೇ 2021ರಲ್ಲಿ ನಡೆಯೋಕೆ ಮುಂಚೆನೇ ತಪ್ಪಿಹೋದ 67 ಸಂಚುಗಳ ವರದಿನೂ ತಂದ್ರು, ಅದ್ರಲ್ಲಿ ಬಹಳಷ್ಟು ತಪ್ಪಿದ್ದು ಜೊತೆ ಹುಡುಗರು ಬಂದು ಹೇಳಿದ್ರಿಂದ.

ಅದಕ್ಕೇ ಮಗಂಗೆ ಚಾಡಿ ಹೇಳೋದಕ್ಕೂ ಇದಕ್ಕೂ ವ್ಯತ್ಯಾಸ ಹೇಳ್ಕೊಡಿ. ಒಬ್ರನ್ನ ಸಿಕ್ಕಿಹಾಕ್ಸೋಕೆ ಹೇಳಿದ್ರೆ ಚಾಡಿ, ಒಬ್ರಿಗೆ ಏಟು ಬೀಳೋದನ್ನ ತಪ್ಸೋಕೆ ಹೇಳಿದ್ರೆ ಅಲ್ಲ. ಹೆಸ್ರು ಹೇಳ್ದೇ ತಿಳಿಸೋ ಟಿಪ್ ಲೈನು ಬಹಳ ಕಡೆ ಇದೆ, ಕೊಲೊರಾಡೋದಲ್ಲಿ ಸೇಫ್‌ಟುಟೆಲ್ ಅಂತ ಕೊಲಂಬೈನ್ ಆದ್ಮೇಲೆ ಶುರುವಾಗಿದ್ದು. ಹಾಗೇ ಇದೂ ಹೇಳಿ, ಇನ್‌ಸ್ಟಾದಲ್ಲಿ ತಮಾಷೆಗೆ ಅಂತ ಬೆದರಿಕೆ ಮೆಸೇಜ್ ಫಾರ್ವರ್ಡ್ ಮಾಡಿದ್ರೂ ಪೊಲೀಸ್ರು ಮನೆಗೆ ಬರ್ತಾರೆ, ಓದ್ತಾನೆ ಒಳ್ಳೆ ಹುಡುಗ ಅನ್ನೋದೆಲ್ಲಾ ಅಲ್ಲಿ ನಡೆಯಲ್ಲ.

ಪ್ರಶ್ನೆ, ಬೆಂಗಳೂರಿಂದ ಒಬ್ಬರು ಟೀಚರ್:

ಇಲ್ಲಿ ಗನ್ ಕಾಟ ಇಲ್ಲ ಬಿಡಿ, ಆದ್ರೆ 2023 ಡಿಸೆಂಬರ್ 1ಕ್ಕೆ 40ಕ್ಕೂ ಹೆಚ್ಚು ಸ್ಕೂಲಿಗೆ ಬಾಂಬ್ ಇಮೇಲ್ ಬಂತಲ್ಲ, ಹುಸಿ ಅಂತ ಆಮೇಲೆ ಗೊತ್ತಾಯ್ತು. ಅವತ್ತಿನ ಗೇಟ್ ಮುಂದಿನ ಗಲಾಟೆ ನೆನೆಸ್ಕೊಂಡ್ರೆ ಈಗ್ಲೂ ಮೈ ಜುಮ್ ಅನ್ನುತ್ತೆ.

ಉತ್ತರ:

ಹಾಗಾದ್ರೆ ನಿಮಗೆ ಬೀಗದ ಪಾಠಕ್ಕಿಂತ ಗೇಟಿನ ಪಾಠ ಮುಖ್ಯ. ಮಕ್ಕಳು ಹೋಗಿ ನಿಲ್ಲೋ ಮೈದಾನ ಯಾವ್ದು, ಹಾಜರಿ ಪುಸ್ತಕ ಯಾರ ಕೈಲಿ, ಮಗುನ ಯಾವ ಗೇಟಲ್ಲಿ ಯಾರು ಸೈನ್ ಹಾಕಿಸ್ಕೊಂಡು ಕೊಡ್ತಾರೆ, ವ್ಯಾನ್ ಡ್ರೈವರ್‌ಗೆ ಯಾರು ಫೋನ್ ಮಾಡ್ತಾರೆ. ಜೂನಲ್ಲಿ ಮೊದಲ ಪೇರೆಂಟ್ಸ್ ಮೀಟಿಂಗಲ್ಲೇ ಇದನ್ನ ಹೇಳ್ಬಿಡಿ. ಆಗೋದಾದ್ರೆ ರಕ್ತ ನಿಲ್ಸೋ ಟ್ರೈನಿಂಗೂ ತಗೊಳ್ಳಿ, ಇಲ್ಲಿ ಸ್ಟಾಪ್ ದ ಬ್ಲೀಡ್ ಅಂತ ಮಾಡ್ತಾರೆ. ಗಾಯದ ಮೇಲೆ ಎರಡೂ ಕೈ ಊರಿ ಬಿಡದೆ ಒತ್ತೋದು, ಕೈಕಾಲಾದ್ರೆ ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ ಟೂರ್ನಿಕೆ (ರಕ್ತ ನಿಲ್ಸೋ ಪಟ್ಟಿ) ಬಿಗಿಯೋದು, ಬಿಗಿದ ಟೈಮ್ ಬರೆದಿಡೋದು. ಗನ್ನಿಗಿಂತ ಜಾಸ್ತಿ ಬೈಕ್ ಆಕ್ಸಿಡೆಂಟಲ್ಲಿ ಉಪಯೋಗಕ್ಕೆ ಬರುತ್ತೆ ಅದು.

ಮೊದಲು ಪ್ರಶ್ನೆ ಕೇಳಿದವರು, ಮೂರು ದಿನ ಆದ್ಮೇಲೆ:

ಅಕ್ಕ, ಟೀಚರ್‌ಗೆ ಕೇಳಿದೆ. "ಅವ್ನು" ಅಂದಿದ್ದು ಅವರಲ್ಲ, ಬಸ್ಸಲ್ಲಿ ಮೂರನೇ ಕ್ಲಾಸ್ ಹುಡುಗ ಹೇಳ್ಕೊಟ್ಟಿದ್ದಂತೆ. ಬಾಗಿಲು ಒಳಗಿಂದಾನೇ ಲಾಕ್ ಆಗುತ್ತೆ, ನಂಗೆ ತೋರ್ಸಿದ್ರು, ಕಿಂಡಿಗೆ ಕಪ್ಪು ಬಟ್ಟೆ ರೋಲ್ ಮಾಡಿ ಕಟ್ಟಿದ್ದಾರೆ, ದಾರ ಎಳೆದ್ರೆ ಬೀಳುತ್ತೆ. ನಿನ್ನೆ ಇವಳು ಮತ್ತೆ ಅದೇ ಆಟ ಆಡಿದ್ಲು, ಈ ಸಲ ನಮ್ಮತ್ತೆನೂ ಮಂಡಿ ನೋವು ಇಟ್ಕೊಂಡು ಸೋಫಾ ಹಿಂದೆ ಹೋಗಿ ಕೂತ್ರು. ದೀಪ ಮಾತ್ರ ಆರ್ಸ್ಲಿಲ್ಲ, ಮುಂದೆ ಒಂದು ತಟ್ಟೆ ಅಡ್ಡ ಇಟ್ರು.

ಉತ್ತರ:

ಅತ್ತೆಯವ್ರಿಗೆ ನನ್ನ ನಮಸ್ಕಾರ ಹೇಳಿ. ಅವ್ರ ಹೆಸ್ರು ಪಿಕಪ್ ಲಿಸ್ಟಲ್ಲಿ ಸೇರ್ಸಿದ್ರಾ?

ಮೊದಲು ಪ್ರಶ್ನೆ ಕೇಳಿದವರು:

ಅಯ್ಯೋ, ಮರ್ತೇಬಿಟ್ಟೆ. ಪಾಸ್‌ಪೋರ್ಟೂ ಬೀರುವಿನಲ್ಲೇ ಇದೆ ಅಕ್ಕ. ನಾಳೆ ಡ್ರಾಪ್ ಮಾಡೋಕೆ ಅವ್ರನ್ನೂ ಕರ್ಕೊಂಡು ಹೋಗ್ತೀನಿ.