ಮ್ಯಾರಥಾನ್ ಓಡಿ ಮಕ್ಕಳ ಓದಿಗೆ ಹಣ ಕೂಡಿಸಿದವರು ಯಾರಾದರೂ ಇದ್ದೀರಾ?

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ, ಕೇಳುತ್ತಿರುವವರು:

ನಮ್ಮ ಊರಿನ ವಾಚನಾಲಯದ ಗೆಳೆಯರು ಸೇರಿ ಆರು ವರ್ಷಗಳಿಂದ ಒಂದು ಸಣ್ಣ ವಿದ್ಯಾನಿಧಿ ನಡೆಸುತ್ತಿದ್ದೇವೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಮುಂದೆ ಓದುವ ಮಕ್ಕಳ ಪ್ರವೇಶದ ಖರ್ಚು, ಪುಸ್ತಕ, ಬಸ್ಸಿನ ಹಣ ನೋಡಿಕೊಳ್ಳುತ್ತೇವೆ. ಇಷ್ಟು ದಿನ ವರ್ಷಕ್ಕೊಂದು ಯಕ್ಷಗಾನ ಇಟ್ಟು, ರಶೀದಿ ಪುಸ್ತಕ ಹಿಡಿದು ಮನೆ ಮನೆ ಸುತ್ತುತ್ತಿದ್ದೆವು. ಆಟದ ಖರ್ಚು ಕಳೆದರೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಈ ಸಲ ಜನವರಿಯಲ್ಲಿ ಮುಂಬಯಿಯ ಮ್ಯಾರಥಾನ್ ಓಡಿ ಹಣ ಕೂಡಿಸೋಣ ಎಂದುಕೊಂಡಿದ್ದೇನೆ. ವಯಸ್ಸು 29, ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಈಗ ವಾರಕ್ಕೆ ಮೂರು ದಿನ ಐದೈದು ಕಿಲೋಮೀಟರ್ ಓಡುತ್ತೇನೆ. ಜುಲೈ ಆಗಲೇ ಬಂದಿದೆ. ಸಾಧ್ಯವೇ? ಹಣ ಕೇಳುವುದು ಹೇಗೆ? ಅಮ್ಮ ಮಾತ್ರ, "ಓಡಿದರೆ ಯಾರು ದುಡ್ಡು ಕೊಡುತ್ತಾರೆ? ಕಳ್ಳನೂ ಓಡುತ್ತಾನೆ" ಎನ್ನುತ್ತಿದ್ದಾರೆ.

ಉಪ್ಪಳದಿಂದ, ಶಾಲೆಯ ಟೀಚರ್:

ತಮ್ಮಾ, ಅಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಕಾಲಿನ ವಿಷಯ.

ಜುಲೈ ಮಧ್ಯದಿಂದ ಜನವರಿಯ ಮೂರನೆಯ ಭಾನುವಾರಕ್ಕೆ ಇಪ್ಪತ್ತಾರು ವಾರ ಸಿಗುತ್ತದೆ. ಐದು ಕಿಲೋಮೀಟರ್ ಓಡುವವನಿಗೆ ಅದು ಸಾಕು, ಆದರೆ ಒಂದು ತಿಂಗಳು ಸೋಮಾರಿತನ ಮಾಡಿದರೆ ಸಾಲದು. 42.195 ಕಿಲೋಮೀಟರ್ ಎಂದರೆ ಎಷ್ಟು ಎಂದು ನನಗೆ ಮನಸ್ಸಿಗೆ ಇಳಿದದ್ದು ನಮ್ಮ ಹೆದ್ದಾರಿಯಿಂದ. ತಲಪಾಡಿಯಿಂದ ಚೆಂಗಳದವರೆಗೆ ಅಗಲ ಮಾಡಿದ ತುಂಡು 39 ಕಿಲೋಮೀಟರ್. ಅಷ್ಟನ್ನು ಓಡಿ ಮುಗಿಸಿದ ಮೇಲೆ ಇನ್ನೂ ಮೂರು ಬಾಕಿ! ಹಾಗೆಂದು ಹೆದ್ದಾರಿಯಲ್ಲಿ ಅಭ್ಯಾಸ ಮಾಡಬೇಡಿ. ಸರ್ವಿಸ್ ರಸ್ತೆಯಲ್ಲಿ ಯಾವ ಕಡೆಯಿಂದ ಬೈಕು ಬರುತ್ತದೆ ಎಂದು ದೇವರಿಗೂ ಗೊತ್ತಿಲ್ಲ.

ಮುಂಬಯಿಯ ಓಟಕ್ಕೆ ನಾನು ಅಭ್ಯಾಸ ಮಾಡಿದ್ದು ಶಾಲೆಯ ಮೈದಾನದಲ್ಲೇ. ಒಂದು ಸುತ್ತು 200 ಮೀಟರ್. ಇಪ್ಪತ್ತು ಕಿಲೋಮೀಟರಿಗೆ ನೂರು ಸುತ್ತು, ಎಣಿಕೆ ತಪ್ಪದೆ ಇರುತ್ತದೆಯೇ? ಧ್ವಜಕಟ್ಟೆಯ ಒಂದು ಬದಿಯಲ್ಲಿ ಹತ್ತು ಅಡಿಕೆ ಇಟ್ಟು, ಹತ್ತು ಸುತ್ತಿಗೊಮ್ಮೆ ಒಂದನ್ನು ಆಚೆ ಬದಿಗೆ ಸರಿಸುತ್ತಿದ್ದೆ. ಒಂದು ಬೆಳಿಗ್ಗೆ ಕಾಗೆ ಎರಡು ಅಡಿಕೆ ಕೊಂಡುಹೋಯಿತು. ಅಂದು ನಾನು ಓಡಿದ್ದು ಎಷ್ಟು ಎಂದು ಇವತ್ತಿಗೂ ಗೊತ್ತಿಲ್ಲ. ಮೈದಾನದ ಇನ್ನೊಂದು ಉಪಕಾರ ನಾಯಿಗಳದ್ದು: ಗೇಟು ಹಾಕಿಕೊಂಡರೆ ಅವು ಹೊರಗೆ. ನಮ್ಮ ಕಡೆಯ ನಾಯಿಗಳ ಗುಂಪಿನ ಮುಂದೆ ಬೆಳಗಿನ ಐದು ಗಂಟೆಗೆ ಚೂಡಿದಾರ ಹಾಕಿಕೊಂಡು ಒಬ್ಬಳೇ ಓಡುವುದು ಧೈರ್ಯದ ಮಾತಲ್ಲ, ಹುಚ್ಚಿನ ಮಾತು.

ವಾರಕ್ಕೆ ನಾಲ್ಕು ದಿನ ಓಡಿ. ಮೂರು ದಿನ ಸಣ್ಣ ಓಟ, ಭಾನುವಾರ ಉದ್ದದ್ದು. ಉದ್ದದ್ದನ್ನು ವಾರಕ್ಕೆ ಒಂದೂವರೆ ಎರಡು ಕಿಲೋಮೀಟರಿನಂತೆ ಏರಿಸಿ, ಪ್ರತಿ ನಾಲ್ಕನೆಯ ವಾರ ಇಳಿಸಿ. ಓಡುತ್ತಾ ಪಕ್ಕದವರೊಂದಿಗೆ ಮಾತನಾಡಲು ಆಗದಿದ್ದರೆ ನೀವು ಬೇಕಾದ್ದಕ್ಕಿಂತ ಜೋರಾಗಿ ಓಡುತ್ತಿದ್ದೀರಿ ಎಂದರ್ಥ. 30, 32 ತಲುಪಿದ ಮೇಲೆ ಹೆಚ್ಚಿಸಬೇಡಿ. ಪೂರ್ತಿ 42 ಓಡುವುದು ಓಟದ ದಿನಕ್ಕೇ ಇರಲಿ. ಕೊನೆಯ ಮೂರು ವಾರ ಕಡಿಮೆ ಮಾಡುತ್ತಾ ಬನ್ನಿ. ಆಗ ಮೈ ಜಡವಾಗಿ, ಕಲಿತದ್ದೆಲ್ಲ ಮರೆತುಹೋದಂತೆ ಅನಿಸುತ್ತದೆ. ಅದನ್ನು ನಂಬಬೇಡಿ.

ಮಳೆಗಾಲದಲ್ಲಿ ಎರಡು ಜೊತೆ ಶೂ ಬೇಕು. ಒದ್ದೆಯಾದದ್ದರೊಳಗೆ ಹಳೆಯ ಪತ್ರಿಕೆ ತುರುಕಿ ಗಾಳಿಗೆ ಇಡಿ. ನಾನು ಬೇಗ ಒಣಗಲಿ ಎಂದು ಬಚ್ಚಲೊಲೆಯ ಪಕ್ಕ ಇಟ್ಟೆ. ಬೆಳಿಗ್ಗೆ ನೋಡಿದರೆ ಅಟ್ಟೆ ಮೊಸಳೆಯಂತೆ ಬಾಯಿ ತೆರೆದು ಕುಳಿತಿತ್ತು. ತೊಡೆಯ ಸಂದು, ತೋಳಿನ ಕೆಳಗೆ ವ್ಯಾಸಲೀನ್ ಹಚ್ಚಿಕೊಳ್ಳಿ. ಮಳೆಯಲ್ಲಿ ಎರಡು ಗಂಟೆ ಓಡಿ ಬಂದು ಬಿಸಿನೀರು ಮೈಗೆ ಹಾಕಿಕೊಂಡವರಿಗೆ ಇದು ಯಾಕೆಂದು ವಿವರಿಸಬೇಕಾಗಿಲ್ಲ.

ನೀರಿನ ವಿಷಯ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ, ಸುರಿಯುತ್ತಲೇ ಇರುತ್ತದೆ. ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆ ತಿರುಗಿ ಬೀಳುವವರೆಗೂ ಹೋಗಬಹುದು, ಪ್ರಾಣಕ್ಕೂ ಅಪಾಯ. ಒಂದು ಭಾನುವಾರ ನನ್ನ ಬೆರಳು ಊದಿ ಉಂಗುರ ಬಿಗಿಯಾದದ್ದು ನೋಡಿ ನಾನು ಎಚ್ಚರಗೊಂಡೆ. ಆಮೇಲೆ ಓಆರ್‌ಎಸ್ ಪುಡಿ, ಮನೆಯಲ್ಲಿ ಕುಚ್ಚಲಕ್ಕಿಯ ಗಂಜಿತಿಳಿಗೆ ಉಪ್ಪು ಹಾಕಿ ಕುಡಿಯುವುದು, ಇವೆರಡರಲ್ಲೇ ನಡೆಯಿತು. ಓಟದ ದಿನ ಏನು ತಿನ್ನುತ್ತೀರೋ ಅದನ್ನು ಮೊದಲೇ ಅಭ್ಯಾಸದಲ್ಲಿ ತಿಂದು ನೋಡಿರಬೇಕು.

ಈಗ ಅಮ್ಮನ ಪ್ರಶ್ನೆ. ನಾನು ಮೊದಲ ತಿಂಗಳು ಎಲ್ಲರಿಗೂ ಒಂದೇ ಸಂದೇಶ ಕಳುಹಿಸಿದೆ: "ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಓಡುತ್ತಿದ್ದೇನೆ, ಯಥಾಶಕ್ತಿ ಸಹಕರಿಸಿ." ನಮಸ್ಕಾರದ ಚಿತ್ರ ಬಹಳ ಬಂತು, ಹಣ ಬರಲಿಲ್ಲ. ಯಥಾಶಕ್ತಿ ಎಂದರೆ ಓದಿದವರು "ಆಮೇಲೆ ನೋಡೋಣ" ಎಂದುಕೊಳ್ಳುತ್ತಾರೆ. ಏಳನೆಯ ತರಗತಿಯಲ್ಲಿ ದೂರದ ಲೆಕ್ಕ ಮಾಡಿಸುವಾಗ ದಾರಿ ಹೊಳೆಯಿತು. ಮ್ಯಾರಥಾನ್ ಎಂದರೆ 42,195 ಮೀಟರ್. ಮೀಟರಿಗೆ ಒಂದು ರೂಪಾಯಿ. ನಲವತ್ತೆರಡು ಮನೆಗಳಿಗೆ ಒಂದೊಂದು ಕಿಲೋಮೀಟರ್, ಸಾವಿರ ರೂಪಾಯಿ. ಉಳಿದ 195 ಮೀಟರ್ ಶಾಲೆಯ ಮಕ್ಕಳಿಗೆ, ತಲಾ ಒಂದು ರೂಪಾಯಿ. ಕಟ್ಟಕಡೆಯ ಮೀಟರಿಗೆ ಇಬ್ಬರು ಹುಡುಗರು ಜಗಳ ತೆಗೆದು ಚೀಟಿ ಎತ್ತಬೇಕಾಯಿತು.

ಪ್ರತಿ ಮನೆಗೂ ನಾನೇ ಹೋದೆ, "ನಿಮಗೆ ಹನ್ನೊಂದನೆಯ ಕಿಲೋಮೀಟರ್" ಎಂದು ಹೆಸರು ಬರೆದುಕೊಂಡೆ. ಹೊಸಂಗಡಿಯಲ್ಲಿ ಮೀನು ಮಾರುವ ಅಕ್ಕ 36ನೆಯದನ್ನು ಕೇಳಿ ತೆಗೆದುಕೊಂಡು ವಾರಕ್ಕೆ ನೂರರಂತೆ ಹತ್ತು ವಾರ ಕಟ್ಟಿದರು. ಆ ಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮುಂಬಯಿಗೆ ಒಯ್ದಿದ್ದೆ. 30 ದಾಟಿದ ಮೇಲೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಂಶ ಮುಗಿದು ಕಾಲು ಮರದ ಕೊರಡಿನಂತಾಗುತ್ತದೆ ಎಂದು ಓದಿದ್ದೆ, ಹಾಗೆಯೇ ಆಯಿತು. ಅದರ ಮೇಲೆ ಪೆಡ್ಡರ್ ರಸ್ತೆಯ ಏರು. ಅಕ್ಕನ ಕಿಲೋಮೀಟರನ್ನು ನಡೆದೇ ಮುಗಿಸಿದೆ. ಊರಿಗೆ ಬಂದು ಒಪ್ಪಿಕೊಂಡಾಗ, "ಹಾಗಾದರೆ ಐನೂರು ವಾಪಸು ಕೊಡಿ ಟೀಚರ್" ಎಂದರು. ನಕ್ಕರೋ ಇಲ್ಲವೋ ಸರಿಯಾಗಿ ಕಾಣಲಿಲ್ಲ, ಬುಟ್ಟಿ ತಲೆಯ ಮೇಲಿತ್ತು.

ಇನ್ನೊಂದು. ಶೂ, ರೈಲಿನ ಟಿಕೆಟ್, ಪ್ರವೇಶ ಶುಲ್ಕ ಎಲ್ಲವೂ ನಿಮ್ಮ ಸಂಬಳದಿಂದ ಹೋಗಲಿ, ಮತ್ತು ಅದನ್ನು ಕೇಳುವ ಮೊದಲೇ ಬಾಯಿ ಬಿಟ್ಟು ಹೇಳಿ. ನಾನು ಹೇಳಿರಲಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನವರು "ಟೀಚರ್ ಮಕ್ಕಳ ದುಡ್ಡಿನಲ್ಲಿ ಮುಂಬಯಿ ನೋಡಿಕೊಂಡು ಬಂದರು" ಎನ್ನುವುದನ್ನು ನನ್ನ ಕಿವಿಯಾರೆ ಕೇಳಿದೆ. ಕಾಲಿನ ನೋವು ಹತ್ತು ದಿನದಲ್ಲಿ ಹೋಯಿತು, ಇದು ಹೋಗಲಿಲ್ಲ.

ಕುಂಬಳೆಯಿಂದ, ಲೆಕ್ಕಪತ್ರ ಬರೆಯುವವರು:

ಟೀಚರ್ ಹೇಳಿದ್ದಕ್ಕೆ ಒಂದಿಷ್ಟು ಒಣ ಮಾತು ಸೇರಿಸುತ್ತೇನೆ. ಹಣವನ್ನು ನಿಮ್ಮ ಸ್ವಂತ ಖಾತೆಗೆ ಹಾಕಿಸಿಕೊಳ್ಳಬೇಡಿ, ಎಷ್ಟೇ ಸಣ್ಣ ಮೊತ್ತವಾದರೂ ನಿಧಿಯ ಖಾತೆಯ ಕ್ಯೂಆರ್ ಕೋಡ್ ಕೊಡಿ. ನಿಧಿ ನೋಂದಣಿಯಾಗಿ, ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ, ಜನ 80ಜಿ ಎಂದು ಕರೆಯುವ ಮಾನ್ಯತೆ ಪಡೆದಿದ್ದರೆ ಮಾತ್ರ ತೆರಿಗೆಯ ಮಾತು ಎತ್ತಿ. ಆಗಲೂ 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟವರಿಗೆ ಅದು ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೂ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಹಣ ಎಂದರೆ ಗಲ್ಫ್. ದುಬೈಯಲ್ಲಿರುವ ನಿಮ್ಮ ಭಾವ ಭಾರತದ ಪಾಸ್‌ಪೋರ್ಟ್ ಇರುವವರಾಗಿದ್ದು, ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಪಾಸ್‌ಪೋರ್ಟಿನ ಪ್ರತಿ ಒಂದು ಕಡತದಲ್ಲಿರಲಿ. ಆದರೆ ಅವರ ಅರಬ್ ಮಾಲೀಕರೋ, ಬೇರೆ ದೇಶದ ಪೌರತ್ವ ಪಡೆದ ನೆಂಟರೋ ಕೊಟ್ಟರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಬರುತ್ತದೆ. ಆ ಕಾಯ್ದೆಯ ಅನುಮತಿ ಇಲ್ಲದ ನಿಧಿ ಒಂದು ರೂಪಾಯಿಯನ್ನೂ ಮುಟ್ಟಬಾರದು. ಊರಿಗೆ ಬರುವವರ ಕೈಯಲ್ಲಿ ಕವರು ಕಳುಹಿಸುವ ಪದ್ಧತಿಯನ್ನು ಮದುವೆಗೆ ಇಟ್ಟುಕೊಳ್ಳಿ.

ಕಾಞಂಗಾಡಿನಿಂದ, ಓಡಿ ಮುಗಿಸದವರು:

ನಾನು 28ನೆಯ ಕಿಲೋಮೀಟರಿಗೆ ಕುಳಿತೆ. ಮೊಣಕಾಲಿನ ಹೊರಬದಿಯ ನೋವು ಎರಡು ವಾರ ಮೊದಲೇ ಇತ್ತು. ಹಣ ಆಗಲೇ ಕೂಡಿದೆಯಲ್ಲ, ಓಡದಿದ್ದರೆ ಮುಖ ತೋರಿಸುವುದು ಹೇಗೆ ಎಂದು ಮುಚ್ಚಿಟ್ಟೆ. ಆಮೇಲೆ ಕೊಟ್ಟವರಿಗೆಲ್ಲ ಪತ್ರ ಬರೆದೆ, ಬೇಕಾದವರು ಹಿಂದಕ್ಕೆ ತೆಗೆದುಕೊಳ್ಳಬಹುದು ಎಂದು. ಕೇಳಿದ್ದು ಒಬ್ಬರು ಮಾತ್ರ, ಅವರು ನನ್ನ ಸೋದರಮಾವ. ಆದ್ದರಿಂದ ಮೊದಲೇ ಬರೆದುಬಿಡಿ: ಓಟ ಮುಗಿದರೂ ಮುಗಿಯದಿದ್ದರೂ ಹಣ ಮಕ್ಕಳಿಗೆ. ನೋವಿದ್ದರೆ ನಿಲ್ಲುವ ಸ್ವಾತಂತ್ರ್ಯ ಉಳಿಯುತ್ತದೆ. ನನ್ನನ್ನು ಕೇಳಿದರೆ ಈ ವರ್ಷ 21 ಕಿಲೋಮೀಟರ್ ಸಾಕು, ಆದರೆ ಟೀಚರ್ ಒಪ್ಪುವುದಿಲ್ಲ.

ಮಂಗಳೂರಿನಿಂದ, ಊರು ಎಣ್ಮಕಜೆ:

ನಾನು ಇಂಥದೇ ಒಂದು ಸಹಾಯಧನದಿಂದ ಓದಿದವಳು. ಯಾರದು ಎಂದು ಹೇಳುವುದಿಲ್ಲ. ಪಡೆದವರ ಕಡೆಯಿಂದಲೂ ಯಾರಾದರೂ ಹೇಳಬೇಕಲ್ಲ.

ನೋಟ್ ಪುಸ್ತಕ ಕೊಡಬೇಡಿ ಅಣ್ಣಾ. ಜೂನ್ ತಿಂಗಳಲ್ಲಿ ಕ್ಲಬ್ಬು, ಸಂಘ, ಬ್ಯಾಂಕು, ಪಕ್ಷ ಎಲ್ಲರೂ ಕೊಡುವುದು ನೋಟ್ ಪುಸ್ತಕವೇ. ನನ್ನ ಅಮ್ಮ ಬೀಡಿ ಕಟ್ಟುವವರು. ನಾನು ಪ್ಲಸ್ ವನ್, ಅಂದರೆ ಹನ್ನೊಂದನೆಯ ತರಗತಿ, ಸೇರಿದ ವರ್ಷ ಮನೆಯಲ್ಲಿ ಅರುವತ್ತಕ್ಕೂ ಹೆಚ್ಚು ನೋಟ್ ಪುಸ್ತಕ ಇದ್ದವು, ಬುಧವಾರದ ಬಸ್ಸಿಗೆ ಹಣ ಇರಲಿಲ್ಲ. ಓದು ನಿಲ್ಲುವುದು ದೊಡ್ಡ ಶುಲ್ಕದಿಂದಲ್ಲ, ಅದಕ್ಕೆ ಯಾರಾದರೂ ಸಿಗುತ್ತಾರೆ. ನವೆಂಬರ್ ಹೊತ್ತಿಗೆ ವಾರಕ್ಕೆ ಎರಡು ದಿನ ಹೋಗದೆ ಉಳಿದು, ಪಾಠ ಹಿಂದೆ ಬಿದ್ದು, ಆಮೇಲೆ ನಾಚಿಕೆಯಿಂದ ನಿಲ್ಲುತ್ತದೆ. ತಿಂಗಳ ಮೊದಲ ದಿನ ಖಾತೆಗೆ ಸದ್ದಿಲ್ಲದೆ ಬೀಳುವ ಐನೂರು ರೂಪಾಯಿ, ಜೂನಿನಲ್ಲಿ ಒಮ್ಮೆ ಕೊಡುವ ಐದು ಸಾವಿರಕ್ಕಿಂತ ದೊಡ್ಡದು. ನೀವು ಜನವರಿಯಲ್ಲಿ ಓಡುತ್ತೀರಿ, ಜೂನಿಗೆ ಐದು ತಿಂಗಳಿದೆ, ಅಷ್ಟರಲ್ಲಿ ಯಾರಿಗೆ ಎಷ್ಟು ಎಂದು ನಿಧಾನವಾಗಿ ಲೆಕ್ಕ ಹಾಕಬಹುದು.

ಇನ್ನೂ ಹಣ ಉಳಿದರೆ, ಹತ್ತನೆಯದು ಮುಗಿದ ರಜೆಯಲ್ಲಿ ಎರಡು ತಿಂಗಳ ಒಂದು ತರಗತಿ ನಡೆಸಿ. ಕನ್ನಡದಲ್ಲಿ "ದ್ಯುತಿಸಂಶ್ಲೇಷಣೆ" ಎಂದು ಕಲಿತು ಬಂದ ನಾನು ಪ್ಲಸ್ ವನ್‌ನಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಫೋಟೋಸಿಂಥೆಸಿಸ್ ಎಂದು ಕೇಳಿದಾಗ ಹೊಸ ಪಾಠವೆಂದು ಬರೆದುಕೊಂಡಿದ್ದೆ. ಗೊತ್ತಿದ್ದದ್ದೇ ಎಂದು ತಿಳಿಯಲು ಒಂದು ವಾರ ಹಿಡಿಯಿತು.

ಮತ್ತು ಫೋಟೋ. ವೇದಿಕೆಯ ಮೇಲೆ ದೊಡ್ಡ ರಟ್ಟಿನ ಚೆಕ್ಕು ಹಿಡಿಸಿ ನಿಲ್ಲಿಸಬೇಡಿ. ನನ್ನ ಆ ಚಿತ್ರ ಬಸ್ ನಿಲ್ದಾಣದ ಫ್ಲೆಕ್ಸಿನಲ್ಲಿ ಓಣಂವರೆಗೂ ಇತ್ತು. ನಾನು ಒಂದು ನಿಲ್ದಾಣ ಮೊದಲೇ ಇಳಿದು ನಡೆಯುತ್ತಿದ್ದೆ. ಬೆವರಿದ ನಿಮ್ಮ ಫೋಟೋ ಎಷ್ಟು ಬೇಕಾದರೂ ಹಾಕಿ.

ಡೊಂಬಿವಲಿಯಿಂದ:

ಮತ್ಸ್ಯಗಂಧ ರೈಲಿನಲ್ಲಿ ಕುರ್ಲಾಕ್ಕೆ ಬಂದು ಇಳಿಯಿರಿ, ಉಳಿದದ್ದು ನನಗೆ ಬಿಡಿ. ಆದರೆ ಓಟದ ಹಿಂದಿನ ರಾತ್ರಿ ನಮ್ಮ ಮನೆ ಬೇಡ, ದೂರವಾಯಿತು. ಓಟ ನಸುಕಿಗೇ ಛತ್ರಪತಿ ಶಿವಾಜಿ ರೈಲು ನಿಲ್ದಾಣದಿಂದ, ಅಂದರೆ ಸಿಎಸ್‌ಎಂಟಿಯಿಂದ ಹೊರಡುತ್ತದೆ, ಪಕ್ಕದ ಫೋರ್ಟ್‌ನಲ್ಲಿ ಪರಿಚಯದ ಹೋಟೆಲಿನವರಿದ್ದಾರೆ. ಎದೆಗೆ ಹಚ್ಚಿಕೊಳ್ಳುವ ಸಂಖ್ಯೆಯ ಬಿಬ್ ಓಟದ ದಿನ ಕೊಡುವುದಿಲ್ಲ, ಮೊದಲೇ ಹೋಗಿ ತೆಗೆದುಕೊಳ್ಳಬೇಕು, ಆದ್ದರಿಂದ ಶುಕ್ರವಾರವೇ ಇಲ್ಲಿರಿ. ಓಟದ ಅಧಿಕೃತ ದಾನದ ವ್ಯವಸ್ಥೆ ಯುನೈಟೆಡ್ ವೇ ಮುಂಬಯಿ ಎಂಬ ಸಂಸ್ಥೆಯ ಮೂಲಕ ನಡೆಯುತ್ತದೆ, ಅದರಲ್ಲಿ ಸೇರಿದ ಸಂಸ್ಥೆಗಳಿಗೆ ಮಾತ್ರ. ನಿಮ್ಮ ನಿಧಿ ಅದರಲ್ಲಿ ಇಲ್ಲದಿದ್ದರೂ ನೀವು ಸಾಮಾನ್ಯ ಓಟಗಾರನಾಗಿ ಸೇರಿ ಊರಿನಲ್ಲಿ ಹಣ ಕೂಡಿಸಲು ಅಡ್ಡಿಯಿಲ್ಲ. ನಾನು ಹದಿನಾಲ್ಕನೆಯ ವಯಸ್ಸಿಗೆ ಹೋಟೆಲಿನಲ್ಲಿ ಲೋಟ ತೊಳೆಯುತ್ತಾ ಇಲ್ಲಿನ ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೆಯದು ಮುಗಿಸಿದವನು. ಐದು ಕಿಲೋಮೀಟರ್ ನನ್ನ ಹೆಸರಿಗೆ ಬರೆಯಿರಿ. ಯಾವುದಾದರೂ ಆದೀತು.

ಬದಿಯಡ್ಕದಿಂದ, ಮತ್ತೆ:

ಎಲ್ಲರಿಗೂ ಉಪಕಾರ. ಸೆಪ್ಟೆಂಬರಿನಲ್ಲಿ ಒಂದು ಅರ್ಧ ಮ್ಯಾರಥಾನ್ ಓಡಿ, ಮೊಣಕಾಲು ಏನು ಹೇಳುತ್ತದೆ ಎಂದು ಕೇಳಿ ಮುಂದಿನದು ನಿರ್ಧರಿಸುತ್ತೇನೆ. ಸಂಘದ ಸಭೆಯಲ್ಲಿ ಚೆಕ್ಕಿನ ಫೋಟೋ ಬೇಡ ಎಂದದ್ದಕ್ಕೆ ಅಧ್ಯಕ್ಷರು ಸ್ವಲ್ಪ ಮುಖ ಸಣ್ಣ ಮಾಡಿದರು, ಒಪ್ಪಿದರು. ಅಮ್ಮನಿಗೆ ಮೊದಲನೆಯ ಕಿಲೋಮೀಟರ್ ಕೊಡಲು ಹೋದೆ. "ಅಲ್ಲಿ ಯಾರು ಬೇಕಾದರೂ ಓಡುತ್ತಾರೆ, ಆ ಮೀನಿನವರದ್ದು ಯಾವುದು, ಅದನ್ನು ಬರೆ" ಎಂದರು. ಸಾವಿರ ಇನ್ನೂ ಕೊಟ್ಟಿಲ್ಲ.

ಟೀಚರ್, ಶನಿವಾರ ಶೂ ಕೊಳ್ಳಲು ಮಂಗಳೂರಿಗೆ ಹೋಗುತ್ತಿದ್ದೇನೆ. ಅಳತೆ ಬೆಳಿಗ್ಗೆ ನೋಡುವುದೋ, ಸಂಜೆಯೋ?

ಉಪ್ಪಳದಿಂದ:

ಸಂಜೆ. ದಿನವಿಡೀ ನಡೆದು ಕಾಲು ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೆಯೇ. ಕಾಲಿನ ಹೆಬ್ಬೆರಳಿನ ಮುಂದೆ ಕೈಬೆರಳಿನ ಅಗಲದಷ್ಟು ಜಾಗ ಇರಲಿ, ಇಲ್ಲದಿದ್ದರೆ ಉಗುರು ಕಪ್ಪಾಗುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ.